ಬಾಕಿ ಉಳಿದ ಅಳು

ಅವಿನಾಶಿ ಊರಿನ ಕಾಮಾಕ್ಷಿಯಮ್ಮನಿಂದ ಪೋತ್ತನೂರಿನ ಜಾನಮ್ಮನಿಗೆ ಒಂದು ಅಳು ಬರಬೇಕಿತ್ತು. ಸಾಲ ಹಳೆಯದು. ತಾನು ಸತ್ತರೆ ಒಪ್ಪಾರಿ ಎಂಬ ಸಾವಿನ ಹಾಡು ಹಾಡಿ ಅಳಲು ಕಾಮಾಕ್ಷಿಯೇ ಬರಬೇಕು, ಸೊಸೆಗೆ ಟೀವಿ ಮುಂದೆ ಬಿಟ್ಟರೆ ಅಳು ಬರುವುದಿಲ್ಲ ಎಂದು ಜಾನಮ್ಮ ಗೆಳತಿಯಿಂದ ಭಾಷೆ ತೆಗೆದುಕೊಂಡಿದ್ದಳು. ಕಾಮಾಕ್ಷಿಯಮ್ಮ ಬಾಯಿ ತೆಗೆದಳೆಂದರೆ ಹೆಣ ಹೊರುವವರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಜಾನಮ್ಮ ಸತ್ತಳು. ಅಷ್ಟರಲ್ಲಿ ಕಾಮಾಕ್ಷಿಯಮ್ಮನಿಗೆ ನಗುವ ಕಾಯಿಲೆ ಹತ್ತಿತ್ತು.

ಅದಕ್ಕೂ ಮುಂಚೆ ಸ್ಟ್ರೋಕ್ ಹೊಡೆದು ಸೋತ ಎಡಗೈಗೆ ಮೆಲ್ಲಗೆ ಶಕ್ತಿ ಮರಳಿತ್ತು. ನಗು ಮಾತ್ರ ಹತೋಟಿಗೆ ಬಂದಿರಲಿಲ್ಲ. ದುಃಖಕ್ಕೂ ನಗು, ಕೋಪಕ್ಕೂ ನಗು. ಮಗ ಕುಮರೇಶನ್ ನಿಂಬೆಹಣ್ಣು ಮಂತ್ರಿಸಿಕೊಂಡು ತಂದ. ಅದನ್ನು ನೋಡಿ ಇನ್ನಷ್ಟು ನಕ್ಕಳು. ನೆಂಟರ ಕಣ್ಣಿಗೆ ಬೀಳದ ಹಾಗೆ ಮಗ ಅವಳನ್ನು ಒಳಕೋಣೆಯಲ್ಲಿ ಕೂರಿಸಿದ.

ತುಡಿಯಲೂರಿನ ಆಸ್ಪತ್ರೆಯೊಂದರಲ್ಲಿ ಸ್ಟ್ರೋಕ್ ಆದವರ ಮನಸ್ಸಿನ ಪಾಡು ನೋಡಿಕೊಳ್ಳುವ ನಿವೇತಾ ಆ ಮನೆಗೆ ಬಂದದ್ದು ಆಗ. ಈ ಮನೆಯವರ ಹಾಗೆ ಅವಳೂ ಮಗ್ಗದ ಮನೆಯ ಹುಡುಗಿಯೇ. ಸೂಜಿ ಚುಚ್ಚದವಳು ಎಂಥ ಡಾಕ್ಟರು ಎಂದು ಅವಳ ಅಪ್ಪನೇ ಕೇಳುತ್ತಾನೆ. ಮೊದಲ ದಿನ ಮುದುಕಿ ನಕ್ಕಾಗ ನಿವೇತಾಳೂ ತಡೆಯಲಾರದೆ ನಕ್ಕುಬಿಟ್ಟಳು. ಓದಿದ ಪುಸ್ತಕದ ಪ್ರಕಾರ ಅದು ತಪ್ಪು. ಮುದುಕಿ ಅವಳನ್ನು ನಂಬಿದ್ದು ಅದರಿಂದಲೇ.

ಮಾತ್ರೆ ಕೊಡುವುದು ನರರೋಗದ ಡಾಕ್ಟರ ಪಾಲು. ನಗು ಎದೆಗೇರುವಾಗ ಉದ್ದ ಉಸಿರು ಬಿಡುವುದು, ಕೂತ ಭಂಗಿ ಬದಲಿಸುವುದು, ಎದುರಿನವರಿಗೆ ನಾಚದೆ ಸಂಗತಿ ಹೇಳುವುದು, ಇಷ್ಟನ್ನು ನಿವೇತಾ ವಾರವಾರ ಬಂದು ಕಲಿಸಿದಳು.

ಜಾನಮ್ಮನ ಸಾವಿನ ಸುದ್ದಿ ಬಂದಾಗ ಕುಮರೇಶನ್ ಬೀಗ ಹುಡುಕಿದ. ಹೆಣದ ಮುಂದೆ ನಕ್ಕರೆ ಹೊಡೆಯುತ್ತಾರೆ ಎಂದ. ಆ ಹೊಡೆತದಲ್ಲಿ ತನಗೂ ಪಾಲಿರಲಿ ಎಂದಳು ಆ ದಿನ ಅಲ್ಲಿಗೆ ಬಂದಿದ್ದ ನಿವೇತಾ. ಕಾಮಾಕ್ಷಿಯಮ್ಮ ಆಗಲೇ ಸೀರೆ ಉಟ್ಟು ನಿಂತಿದ್ದಳು.

"ಜಾನು ನನಗೋಸ್ಕರ ಕಾಯ್ತಾ ಮಲಗವಳೆ ಕಣೋ. ಬೀಗ ನಿನ್ನ ಬಾಯಿಗೆ ಹಾಕ್ಕೋ."

ಪೋತ್ತನೂರಿನಲ್ಲಿ ನಿವೇತಾ ಮುಂದೆ ಹೋಗಿ ಹೆಂಗಸರಿಗೆ ಕಾಯಿಲೆಯ ವಿಷಯ ತಿಳಿಸಿದಳು. ಅರ್ಧ ಜನ ತಲೆಯಾಡಿಸಿದರು, ಅರ್ಧ ಜನ ಕಾಫಿ ಕುಡಿಯುತ್ತಿದ್ದರು. ಒಪ್ಪಾರಿಯ ಎರಡು ಸಾಲು ಸರಿಯಾಗಿ ಬಂತು. ಮೂರನೆಯದರಲ್ಲಿ ನಗು ಒಡೆಯಿತು. ಜಾನಮ್ಮನ ಸೊಸೆ ರಾಜಾಮಣಿ ಎದ್ದು ನಿಂತಳು.

"ಏನಜ್ಜೀ, ನಮ್ಮತ್ತೆ ಸಾವು ನಿನಗೆ ತಮಾಷೆಯಾ?"

ಕರೆತಂದ ನಿವೇತಾ ಮುದುಕಿಯ ಪಕ್ಕಕ್ಕೆ ಬಂದು ನಿಂತಳು. ಮುದುಕಿ ಮಗ್ಗುಲಾಗಿ ತಿರುಗಿ ಉದ್ದ ಉಸಿರು ಬಿಟ್ಟಳು.

"ನಗೋದು ನನ್ನ ನರ, ಕಂದಾ. ಅಳ್ತಿರೋದು ನಾನು."

ಮತ್ತೆ ಹಾಡು ಹಿಡಿದಳು. ಪಕ್ಕದ ಮನೆಯ ಕರಿಬೇವು ಕದ್ದು ಅವರಿಗೇ ಉಡುಗೊರೆ ಕೊಟ್ಟವಳೇ, ಸತ್ತ ಗಂಡನ ರೈಲ್ವೆ ಪಾಸಿನಲ್ಲಿ ಈರೋಡಿನವರೆಗೆ ರಾಣಿಯ ಹಾಗೆ ಹೋಗಿಬಂದವಳೇ ಎಂದು ನಗುತ್ತ, ಬಿಕ್ಕುತ್ತ, ರಾಗ ತಪ್ಪುತ್ತ ಹಾಡಿದಳು. ರಾಜಾಮಣಿ ಸೆರಗು ಬಾಯಿಗೊತ್ತಿ ಒಮ್ಮೆ ಕಿಸಕ್ಕೆಂದಳು. ಆಮೇಲೆ, ಬೆಳಗಿನಿಂದ ಬಾರದ ಅಳು ಅವಳಿಗೆ ಬಂತು.

ಈಗ ನಿಮ್ಮ ವಿಷಯ. ಸ್ಟ್ರೋಕ್ ಆದವರನ್ನು ನೀವೂ ಒಳಗೆ ಕೂರಿಸಿರಬಹುದು. ಬಾಯಿ ಸೊಟ್ಟ, ಮಾತು ತೊದಲು, ನಗು ಹೊತ್ತಲ್ಲದ ಹೊತ್ತು ಎಂದು. ಮದುವೆಗೂ ಕರೆದೊಯ್ಯುವುದಿಲ್ಲ, ಸಾವಿಗೂ ಇಲ್ಲ. ಅವರ ಇಷ್ಟ ಕೇಳಿದ್ದೀರಾ? ಈ ಪುಟ ಮಡಚಿ ಎದ್ದು ಹೋಗಿ ಕೇಳಿ. ಬರುತ್ತೇನೆ ಅಂದರೆ ಚಪ್ಪಲಿ ತೊಡಿಸಿ, ಕರೆದುಕೊಂಡು ಹೊರಡಿ.