ಮಾವನ ಕೈಗೆ ಕೊಟ್ಟ ವಿಮಾನ

ಯೂನಿವರ್ಸಿಟಿಯ ಓದು ಮುಗಿಸಿ ಬಂದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ನಾನು ಏನು ಮಾಡುತ್ತೇನೆ ಎನ್ನುವುದು ಆಳಂದದ ನಮ್ಮ ಮನೆಯಲ್ಲಿ ಬಹುದಿನಗಳ ಚರ್ಚೆ. ನಾನು ವಿಮಾನ ಹಾರಿಸುತ್ತಿದ್ದೆ, ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ. ನಿಜ ಹೇಳಬೇಕೆಂದರೆ ಹಾರಿಸುವುದಕ್ಕಿಂತ ಹೆಚ್ಚಾಗಿ, ಅದು ಎಡಕ್ಕೆ ಬಲಕ್ಕೆ ವಾಲುವ ರೀತಿಯನ್ನು ತಿದ್ದುತ್ತಿದ್ದೆ. ಅದಕ್ಕೊಂದು ಫೈಲ್ ಇದೆ. ಅದರಲ್ಲಿ ಒಂದು ಅಂಕಿ ಇಳಿಸಿದರೆ ಜಾಯ್‌ಸ್ಟಿಕ್‌ಗೆ ಬೆರಳು ತಾಕಿದೊಡನೆ ವಿಮಾನ ವಾಲುತ್ತದೆ. ಏರಿಸಿದರೆ ಎಮ್ಮೆಯ ಹಾಗೆ ಯೋಚಿಸಿ ವಾಲುತ್ತದೆ. ಎರಡು ವಾರ ತಿದ್ದಿ, ಚುರುಕಾಗಿ, ನನ್ನ ಕೈಗೆ ಹೊಂದಿಸಿಕೊಂಡಿದ್ದೆ. ಯಾರಿಗೂ ಹೇಳಬೇಕೆನಿಸಿರಲಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಅಫಜಲಪುರದ ಸೋದರಮಾವ ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಟ್ಟಿಕೊಂಡು ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಬರುತ್ತಾನೆ. ಸರದಿ ತಡವಾದರೆ ಗಾಡಿಯನ್ನು ಸಾಲಿನಲ್ಲಿ ಬಿಟ್ಟು, ಯಾರದೋ ಬೈಕಿನಲ್ಲಿ ನಮ್ಮಲ್ಲಿಗೆ ಊಟಕ್ಕೆ. ಅವತ್ತು ಬಂದವನೇ ನನ್ನ ಬಾಗಿಲು ಬಡಿದ.

“ಒಳಗ ಏನ್ ಮಾಡಾಕತ್ತಿ ಬೇ?”

“ವಿಮಾನ ಹಾರ್ಸಾಕತ್ತೇನಿ.”

“ಅಷ್ಟ ಏನು? ಎರಡ್ ಟ್ರಾಲಿ ಕಬ್ಬ ಹೊಡ್ಯಾಂವ ನಾ. ಕೊಡಿಲ್ಲಿ.”

ಅವ್ವ ಅಡುಗೆಮನೆಯಿಂದಲೇ ಪಂದ್ಯ ಕಟ್ಟಿದಳು. ಸಿಮ್ಯುಲೇಟರ್‌ನಲ್ಲಿ ನೇರವಾಗಿ ಆಕಾಶದಿಂದಲೇ ಶುರು ಮಾಡಬಹುದು. ಮಾವ ಭೀಮಾ ನದಿಯ ಮೇಲೆ ವಿಮಾನ ತಿರುಗಿಸಿ, ಮಗುಚದೆ ವಾಪಸು ತಂದರೆ, ಇನ್ನು ಹಗಲೆಲ್ಲ ನನ್ನ ಬಾಗಿಲು ತೆರೆದೇ ಇರಬೇಕು. ಮಗುಚಿದರೆ ಯುಗಾದಿಯವರೆಗೆ ಯಾರೂ ಬಡಿಯುವಂತಿಲ್ಲ. ಜೇವರ್ಗಿಯಿಂದ ಬಂದಿದ್ದ ಚಿಕ್ಕಮ್ಮ ಸಾಕ್ಷಿ.

ನನಗೆ ಆ ಬಾಗಿಲು ಬೇಕಿತ್ತು. ಮಾವ ಕೈ ತೊಳೆಯುವಷ್ಟರಲ್ಲಿ ಫೈಲ್ ತೆರೆದು ಅಂಕಿಯನ್ನು ಮೂರು ಪಟ್ಟು ಮಾಡಿದೆ. ಇನ್ನು ವಿಮಾನ ತಡವಾಗಿ ಮಾತು ಕೇಳುತ್ತದೆ, ಕೇಳಿದ ಮೇಲೆ ತಡವಾಗಿ ನಿಲ್ಲುತ್ತದೆ. ಅವಸರಪಟ್ಟು ಇನ್ನಷ್ಟು ವಾಲಿಸಿದವರು ಅಂಗಾತ ಬೀಳುತ್ತಾರೆ. ಇಂಥ ಹೊತ್ತಿನಲ್ಲಿ ನನ್ನ ಮುಖ ಏನನ್ನೂ ಹೇಳುವುದಿಲ್ಲ, ಅದೊಂದು ಅನುಕೂಲ.

ಮಾವ ಕುಳಿತ. ನದಿ ಕಂಡಿತು. ಜಾಯ್‌ಸ್ಟಿಕ್ಕನ್ನು ಎಡಕ್ಕೆ ಕೊಟ್ಟು, ವಿಮಾನ ವಾಲುವ ಮೊದಲೇ ನಡುವಿಗೆ ತಂದು ಸುಮ್ಮನಾದ. ರೆಕ್ಕೆ ನಿಧಾನಕ್ಕೆ ಇಳಿಯಿತು. ತಿರುವು ಮುಗಿಯಲು ಇನ್ನೂ ಹೊತ್ತಿರುವಾಗಲೇ ಬಲಕ್ಕೆ ಒಂದಿಷ್ಟು ಕೊಟ್ಟು ಮತ್ತೆ ಕಾದ. ವಿಮಾನ ಮಟ್ಟಸವಾಗಿ ಮರಳಿತು.

“ಇದರ ಹಿಂದ ಎರಡ್ ಟ್ರಾಲಿ ಕಟ್ಟ್ಯಾರೇನ?” ಎಂದ. “ಕೈ ಮೊದ್ಲ ತಿರುಗಬೇಕು, ಗಾಡಿ ಆಮ್ಯಾಲ ತಿರುಗತೈತಿ. ಛಲೋ ಐತಿ ಬೇ ನಿನ್ ವಿಮಾನ. ನಮ್ ಗಾಡಿ ಹಂಗ.”

ನನ್ನ ಕೈಗೆ ಹೊಂದಿಸಿದ್ದಂತೆಯೇ ಬಿಟ್ಟಿದ್ದರೆ ಎರಡು ಉಸಿರಿಗೆ ಮಗುಚುತ್ತಿದ್ದ. ಮೋಸ ಮಾಡಲು ಹೋಗಿ ಅವನ ಟ್ರ್ಯಾಕ್ಟರನ್ನೇ ಅವನಿಗೆ ಕಟ್ಟಿಕೊಟ್ಟಿದ್ದೆ. ಯಾರ ಮುಂದೆ ಹೇಳಿಕೊಳ್ಳುವುದು?

“ಈಗ ನೀ ಹಾರ್ಸು, ನೋಡೂಣು,” ಎಂದಳು ಚಿಕ್ಕಮ್ಮ.

ಹಾರಿಸಿದೆ. ಎಲ್ಲರ ಎದುರು ಅಂಕಿಯನ್ನು ಮತ್ತೆ ಇಳಿಸುವಂತಿರಲಿಲ್ಲ. ಭೀಮಾ ನದಿ ನನ್ನ ತಲೆಯ ಮೇಲೆ ಬಂತು.

“ಅಯ್ಯ! ಯೂನಿವರ್ಸಿಟ್ಯಾಗ ಹಿಂಗ ಕಲಿಸ್ಯಾರೇನ?” ಮತ್ತೆ ಚಿಕ್ಕಮ್ಮನೇ.

ಅವ್ವ ಬಂದು ಬಾಗಿಲನ್ನು ಗೋಡೆಗೆ ತಾಕುವಷ್ಟು ತೆರೆದು, ಅಲ್ಲಾಡದ ಹಾಗೆ ಜೋಳದ ಡಬ್ಬಿ ಒತ್ತಿಟ್ಟಳು. ಮೆಂತ್ಯದ ಸೊಪ್ಪು ಸೋಸಲು ಅಲ್ಲೇ ಕೂತುಕೊಂಡು, “ಇನ್ನೊಮ್ಮಿ ಬೀಳು ಬೇ, ನನಗ ಸರಿ ಕಾಣ್ಲಿಲ್ಲ,” ಎಂದಳು.