ಹಳೆಯ ಸಂತೆಯ ಜಾಗದಲ್ಲಿ ಕುಳಿತಿದ್ದ ತಾಯಿ

ಮಾನ್ಯರೇ, ಸೊಪ್ಪಿನ ಬುಟ್ಟಿಯೊಂದಿಗೆ ವೃದ್ಧೆಯೊಬ್ಬರು ಕಚೇರಿಯ ಪಡಸಾಲೆಯಲ್ಲಿ, ನನ್ನ ಮೇಜಿಗೆ ಮೂರು ಅಡಿ ದೂರದಲ್ಲಿ ಕುಳಿತಿದ್ದರು. ಅದು ಐವತ್ತರ ದಶಕದ ಕೊನೆಯ ಒಂದು ಸಂತೆಯ ದಿನ. ಶಿಕಾರಿಪುರದ ಸಂತೆಯನ್ನು ಊರಾಚೆಯ ಮೈದಾನಕ್ಕೆ ಸ್ಥಳಾಂತರಿಸಿ, ಹಳೆಯ ಜಾಗದಲ್ಲಿ ನಮ್ಮ ಕಚೇರಿಯನ್ನು ಆಗಷ್ಟೇ ಕಟ್ಟಲಾಗಿತ್ತು. ಅವರನ್ನು ಎಬ್ಬಿಸುವ ಕರ್ತವ್ಯ ಗುಮಾಸ್ತನಾದ ನನ್ನ ಪಾಲಿಗೆ ಬಂದಿತು.

“ನಾ ಎಲ್ಲಿಗೂ ಬಂದಿಲ್ರೀ. ನಾ ಕುಂತಲ್ಲಿಗೆ ನಿಮ್ಮ ಆಫೀಸು ಬಂದೈತಿ,” ಎಂದು ಅವರು ತಿಳಿಸಿದರು. ಗೋಡೆ ಏಳುವಾಗಲೂ ಅವರು ಇಟ್ಟಿಗೆಗಳ ನಡುವೆ ಅಲ್ಲಿಯೇ ಕುಳಿತಿದ್ದರೆಂಬುದನ್ನು ಗಾರೆಯವರು ನಂತರ ದೃಢಪಡಿಸಿದರು.

ವಿಚಾರಿಸಲಾಗಿ, ಸೊರಬದ ಕಡೆಗೆ ಮದುವೆ ಮಾಡಿಕೊಟ್ಟ ಅವರ ಮಗಳು, ಬೀಗರೊಳಗೆ ಮಾತು ನಿಂತ ಮೇಲೆ, ವರ್ಷಕ್ಕೊಂದೆರಡು ಬಾರಿ ಸಂತೆಯ ನೆಪದಲ್ಲಿ ಇದೇ ಜಾಗಕ್ಕೆ ಬಂದು ತಾಯಿಯನ್ನು ಕಾಣುತ್ತಿದ್ದಳೆಂದು ಗೊತ್ತಾಯಿತು. ಸಂತೆ ಬೇರೆಡೆಗೆ ಹೋದ ವಿಷಯ ಅವಳಿಗೆ ತಿಳಿದಿರಲಿಲ್ಲ. ಒಂದು ಕಾರ್ಡು ಬರೆದು ತಿಳಿಸುವುದಾಗಿ ನಾನು ಹೇಳಿದೆನು.

“ಆ ಮನ್ಯಾಗ ಕಾಗದ ಓದೋರು ಅವ್ಳ ಮಾವ ಒಬ್ರೇ ರೀ,” ಎಂದರು.

ಪತ್ರವ್ಯವಹಾರದಿಂದ ಇತ್ಯರ್ಥವಾಗದ ವಿಷಯವೊಂದನ್ನು ನಾನು ಕಂಡದ್ದು ಅಂದೇ ಮೊದಲು. ಮಗಳು ಬಂದರೆ ನಾನೇ ಮೈದಾನಕ್ಕೆ ಕಳುಹಿಸುವೆನೆಂದು ಮಾತು ಕೊಟ್ಟ ಮೇಲೆ ಅವರು ಬುಟ್ಟಿ ಎತ್ತಿಕೊಂಡರು. ಬಾಗಿಲಲ್ಲಿ ತಿರುಗಿ, “ಸಂತಿ ದಿನ ರಜಾ ಹಾಕಬ್ಯಾಡ್ರಿ ಮತ್ತ,” ಎಂದರು.

ಅದಾದ ಏಳನೆಯ ಸಂತೆಯ ದಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಗೋಡೆಗಳನ್ನೇ ನೋಡುತ್ತಿದ್ದಳು. ಏನನ್ನೂ ಕೇಳದೆ ಮೈದಾನದ ದಾರಿ ತೋರಿಸಿದೆನು. ಈಗ ಆ ಕಚೇರಿಯನ್ನೂ ಕೆಡವಿ ಅಂಗಡಿಸಾಲು ಕಟ್ಟಿದ್ದಾರೆ. ನನ್ನ ಸೇವಾವಧಿಯಲ್ಲಿ, ಬಂದುಹೋದವರ ಪುಸ್ತಕದಲ್ಲಿ ನಾನು ಬರೆದುಕೊಳ್ಳದ ಹೆಸರು ಅವಳದೊಂದೇ ಎಂದು ಈ ಮೂಲಕ ತಿಳಿಸಬಯಸುತ್ತೇನೆ.