ಬಕಲಿನ ಮಡಿಕೆಯೊಳಗಿನ ಹೆಸರು

ಬೆಲ್‌ಫೋರ್ಡ್ ಊರಿನ ಇಪ್ಪತ್ತಮೂರು ಹೆಂಗಸರಿಗೆ ಏಳು ವಾರದ ಹೊಲಿಗೆ ಕೂಲಿ ಇನ್ನೂ ಬಾಕಿ ಇದೆ. ಸಾವಿರದ ಒಂಬೈನೂರ ಅರವತ್ತೊಂದರ ಅಕ್ಟೋಬರಿನಲ್ಲಿ, ಅವರು ಚರ್ಮದ ಪಟ್ಟಿ ಹೊಲಿದುಕೊಡುತ್ತಿದ್ದ ಆಟದ ಪಿಸ್ತೂಲಿನ ಕಂಪನಿ ಬಾಗಿಲು ಹಾಕಿತು. ಮಾಲೀಕ ಫ್ಲಾರಿಡಾಕ್ಕೆ ಹೋಗಿ, ಮೀನು ಹಿಡಿದುಕೊಂಡಿದ್ದು, ತುಂಬು ವಯಸ್ಸಿನಲ್ಲಿ ಸುಖವಾಗಿ ಸತ್ತ. ಆ ಕೂಲಿಯನ್ನು ಇನ್ನು ಯಾರೂ ಕೊಡುವುದಿಲ್ಲ. ಆ ಹೆಂಗಸರಿಗೆ ತಾನೂ ಏನೋ ಕೊಡಬೇಕಾಗಿದೆ ಎಂದು ಆರ್ವಿಲ್ ಡೀಟ್ಸ್‌ಗೆ ಗೊತ್ತಾದದ್ದು ಮೂವತ್ತೇಳು ವರ್ಷ ತಡವಾಗಿ, ಅದೂ ತನ್ನ ಕೈಯಾರೆ ಒಂದು ಅನಾಹುತ ಮಾಡಿದ ಮೇಲೆ.

ಆರ್ವಿಲ್ ಶಾಲಾ ಬಸ್ಸುಗಳ ಮೆಕ್ಯಾನಿಕ್. ಐವತ್ತನಾಲ್ಕು ವಯಸ್ಸು, ಉಗುರಿನ ಸಂದಿಯಲ್ಲಿ ಸದಾ ಕಪ್ಪು. ಅವನ ಮನೆಯ ಹಿಂದಿನ ಕೋಣೆಯಲ್ಲಿ ಮಂಚವಿಲ್ಲ, ಕುರ್ಚಿಯಿಲ್ಲ. ಗೋಡೆಯ ಉದ್ದಕ್ಕೂ ನೂರನಲವತ್ತು ಜೋಡಿ ಕೇಪಿನ ಪಿಸ್ತೂಲುಗಳು. ಒಂದೊಂದು ಜೋಡಿಗೂ ಅದರದೇ ಚರ್ಮದ ಸೊಂಟಪಟ್ಟಿ, ಪಟ್ಟಿಯಿಂದ ತೂಗುವ ಎರಡು ಒರೆ, ಒರೆಗೆ ಕೆಂಪು ಗಾಜಿನ ಹರಳು, ಅಂಚಿಗೆ ಕುಚ್ಚು. ಪಿಸ್ತೂಲನ್ನು ಮಾತ್ರ ಅವನು ಒರೆಯಲ್ಲಿ ಇಡುವುದಿಲ್ಲ. ಚರ್ಮ ಹದ ಮಾಡಿದ ಹುಳಿ ತಗುಲಿದರೆ ಹೊಳೆಯುವ ಲೋಹ ಹಸಿರುಗಟ್ಟುತ್ತದೆ. ಎರಡನ್ನೂ ಬೇರೆ ಬೇರೆ ಮೊಳೆಗೆ ತೂಗುಹಾಕಬೇಕು. ಇಂಥದ್ದನ್ನೆಲ್ಲ ಅವನು ಊಟ ತಣ್ಣಗಾಗುವವರೆಗೂ ಹೇಳುತ್ತಾನೆ. ಹೆಂಡತಿ ನೋರೀನ್ ಕೇಳಿಸಿಕೊಳ್ಳುವುದನ್ನು ಎಂದೋ ಬಿಟ್ಟಿದ್ದಾಳೆ.

ಈ ಹುಚ್ಚು ಹತ್ತಿದ್ದು ಜಿಲ್ಲೆಯ ಅನಾಥಾಲಯದಲ್ಲಿ. ಅವನಿಗೆ ಎಂಟು ವರ್ಷವಿದ್ದಾಗ, ಒಂದು ಕ್ರಿಸ್‌ಮಸ್ಸಿಗೆ, ಅಲ್ಲಿದ್ದ ಹನ್ನೊಂದು ಮಕ್ಕಳಿಗೆ ಹನ್ನೊಂದು ಜೊತೆ ಪಿಸ್ತೂಲು ಪಟ್ಟಿಗಳು ಬಂದವು. ಆರ್ವಿಲ್‌ನ ಪಟ್ಟಿಯ ಹೊಲಿಗೆ ಸೊಟ್ಟ. ಅವನಿಗೇನು? ಅದನ್ನು ಕಟ್ಟಿಕೊಂಡೇ ಮಲಗುತ್ತಿದ್ದ, ಕಟ್ಟಿಕೊಂಡೇ ಒದೆ ತಿನ್ನುತ್ತಿದ್ದ. ಮೊದಲ ಬಾರಿಗೆ ತನ್ನದು ಎನ್ನುವ ಸಾಮಾನು ಒಂದಿತ್ತು. ಯಾರು ಕೊಟ್ಟರೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಅವನು ಅಲ್ಲಿಂದ ಹೊರಬೀಳುವ ಹೊತ್ತಿಗೆ ಆ ಪಟ್ಟಿ ಕಿತ್ತುಹೋಗಿ ಕಸಕ್ಕೆ ಸೇರಿತ್ತು. ಕೈಗೆ ಸಂಬಳ ಬಂದ ಮೇಲೆ ಹುಡುಕತೊಡಗಿದವನು ಇನ್ನೂ ನಿಲ್ಲಿಸಿಲ್ಲ.

ತೊಂಬತ್ತೆಂಟರ ಮಾರ್ಚಿನಲ್ಲಿ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಹಳೇ ಆಟಿಕೆಗಳ ಪ್ರದರ್ಶನ ನಡೆಯಿತು. ಕಪ್ಪು ಚರ್ಮದ, ಬಿಳಿ ಕುಚ್ಚಿನ ಜೋಡಿಗೆ ಆರ್ವಿಲ್‌ಗೆ ನೀಲಿ ರಿಬ್ಬನ್ ಬಂತು. ಎಂಟುನೂರು ಡಾಲರಿಗೆ ಕೇಳಿದವನನ್ನು ಅವನು ನಕ್ಕು ಕಳಿಸಿದ್ದ. ಆಗ ವಾಕರ್ ದೂಡಿಕೊಂಡು ಥೆಡಾ ಕ್ಲಿಂಗರ್ ಬಂದಳು. ಎಂಬತ್ತನಾಲ್ಕರ ಮುದುಕಿ, ಊರಿಗೆಲ್ಲ ಗೊತ್ತಿರುವ ಬಾಯಿ. ಕೇಳದೆ ಗೀಳದೆ ಬಹುಮಾನ ಬಂದ ಸೊಂಟಪಟ್ಟಿಯನ್ನು ಎತ್ತಿ ಮಗುಚಿದಳು.

"ಇದರ ಹಿಂದೆ ಇದ್ದ ನಂಬರ್ ಎಲ್ಲೋ?"

"ಅದಾ ಮಿಸೆಸ್ ಕ್ಲಿಂಗರ್? ನೀಲಿ ಪೆನ್ಸಿಲ್ ಗೀಚಿತ್ತು. ಕೊಳೆ ಅಂತ ಚರ್ಮ ತೊಳ್ಯೋ ಸಾಬೂನು ಹಾಕಿ ಉಜ್ಜಿಬಿಟ್ಟೆ. ಈಗ ನೋಡಿ, ಹೊಸದ್ರ ಹಂಗಿದೆ."

"ಕೊಳೆ ಅಂತೆ! ಹದಿನೆಂಟು ವರ್ಷ ನನ್ನ ಅಡುಗೆಮನೆ ಟೇಬಲ್ ಮೇಲೆ ಬರ್ದ ನಂಬರದು. ನನ್ನ ನಂಬರ್ ಹತ್ತೊಂಬತ್ತು! ಎಷ್ಟನ್ನ ಉಜ್ಜಿದೀಯ?"

"ಎಲ್ಲಾನೂ," ಎಂದ ಆರ್ವಿಲ್. ದನಿ ಸಣ್ಣಗಾಗಿತ್ತು.

"ಕೈ ಸೇದೋಗ! ಬಸ್ಸಿಗೆ ಗ್ರೀಸ್ ಬಳ್ಕೊಂಡು ಇರೋದ್ ಬಿಟ್ಟು ನಿನಗ್ಯಾಕೋ ಬೇಕಿತ್ತು ಈ ಸಾಬೂನು?"

ಸುತ್ತ ನಿಂತವರು ನಕ್ಕರು. ಮುದುಕಿ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಹೇಳಿದಳು. ಹಳೇ ಕಾರ್ಖಾನೆಯ ಗೋಡೆಗೆ ಅಲ್ಲಿ ದುಡಿದವರ ಹೆಸರಿನ ಹಿತ್ತಾಳೆ ಫಲಕ ಬರುತ್ತದೆ. ಎರಕ ಹೊಯ್ದವರು, ಹೊಳಪು ಕೊಟ್ಟವರು, ಕಾವಲುಗಾರ ಎಲ್ಲರ ಹೆಸರೂ, ಅವನ ನಾಯಿಯದೂ ಸಹ, ಆ ಯಾದಿಯಲ್ಲಿವೆ. ಮನೆಯಲ್ಲಿ ಕೂತು ಹೊಲಿದ ಹೆಂಗಸರು ಇಲ್ಲ. ಸೋಮವಾರ ಲಾರಿ ಬಂದು ಕತ್ತರಿಸಿದ ಚರ್ಮ ಎಸೆದುಹೋಗುತ್ತಿತ್ತು, ಶುಕ್ರವಾರ ಹೊಲಿದದ್ದನ್ನು ಒಯ್ಯುತ್ತಿತ್ತು. ಡಜನ್ ಲೆಕ್ಕದ ಕೂಲಿ. ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಫಲಕದ ಸಮಿತಿಯ ಕಾರ್ಯದರ್ಶಿ ವೆಂಡೆಲ್ ಪ್ರೌಟಿ, ನಿವೃತ್ತ ಹೆಡ್‌ಮಾಸ್ಟರು, "ಬರಹದಲ್ಲಿ ಪುರಾವೆ ತನ್ನಿ" ಎಂದಿದ್ದಾನೆ. ಅವಳು ತೋರಿಸಬೇಕೆಂದಿದ್ದದ್ದು, ಕಂಪನಿ ಒಬ್ಬೊಬ್ಬ ಹೆಂಗಸಿಗೂ ಕೊಟ್ಟು ಸೊಂಟಪಟ್ಟಿಯ ಹಿಂದೆ ಬರೆಸುತ್ತಿದ್ದ ಆ ನಂಬರುಗಳನ್ನು. ಮುಂದಿನ ಶುಕ್ರವಾರ ಹೆಸರುಗಳ ಯಾದಿ ಎರಕದವರಿಗೆ ಹೋಗುತ್ತದೆ.

"ಗೋಡೆ ಮೇಲೆ ನನ್ನ ಹೆಸರು ನೋಡಿ ಸಾಯ್ಬೇಕು ಕಣೋ," ಎಂದಳು ಥೆಡಾ. "ಹೋಗ್ಲಿ ಬಿಡು, ನಿನಗೇನ್ ಗೊತ್ತು. ಆ ಅನಾಥಾಲಯದ ಮಕ್ಕಳಲ್ಲಿ ನೀನೂ ಒಬ್ಬ ಅಲ್ವಾ? ಹೊಲಿಗೆ ಸೊಟ್ಟ ಅಂತ ವಾಪಸ್ ಬಂದಿದ್ದನ್ನ ನಮ್ಮ ಕೂಲೀಲಿ ಹಿಡ್ದು ನಮ್ಮ ತಲೆಗೇ ಕಟ್ಟೋರು. ಮನೇಲಿ ರಾಶಿ. ಒಂದು ವರ್ಷ ಎಲ್ಲಾ ಸೇರಿ ನಿಮಗೆ ಕಳಿಸಿದ್ವಿ. ಪಿಸ್ತೂಲಿಗೆ ಚಂದಾ ಎತ್ತಿದ್ದು ನಾನೇ."

ಆರ್ವಿಲ್ ಆ ಕಪ್ಪು ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡ. ಮುದುಕಿ ಆಗಲೇ ವಾಕರ್ ತಿರುಗಿಸಿಕೊಂಡು ಆಪಲ್ ಪೈ ಮಾರುವ ಮೇಜಿನ ಕಡೆ ಹೊರಟಿದ್ದಳು.

ಮರುದಿನವೆಲ್ಲ ಅವನು ನೂರನಲವತ್ತು ಪಟ್ಟಿಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದು ಅಂಕಿಯೂ ಉಳಿದಿರಲಿಲ್ಲ. ಕೆಲಸವನ್ನು ಅಷ್ಟು ಚೊಕ್ಕಟವಾಗಿ ಮಾಡಿದ್ದ. ಹಳೆಯದನ್ನು ಹೊಸದರಂತೆ ಕಾಣಿಸುವುದೇ ಈ ಸಂಗ್ರಹಕಾರರ ಚಟ; ಕೈ ಬಿದ್ದ ಗುರುತೆಲ್ಲ ಅವರಿಗೆ ಕೊಳೆ. ಸೋಮವಾರ ಥೆಡಾಳ ಅಡುಗೆಮನೆಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು ನಿಂತ.

"ಒಂದೂ ಇಲ್ಲ ಮಿಸೆಸ್ ಕ್ಲಿಂಗರ್. ತಪ್ಪಾಯ್ತು."

ಅವಳು ಕಾಫಿ ಬಗ್ಗಿಸಿ ಅವನ ಮುಂದೆ ತಳ್ಳಿದಳು.

"ಇನ್ನೊಂದು ಜಾಗ ಇದೆ. ಹೇಳಿದ್ರೆ ನಿನ್ನ ಎದೆ ಒಡ್ಯುತ್ತೆ."

"ಹೇಳಿ."

"ಹೊಲಿದಿದ್ದನ್ನ ನೋಡಿ ತಗೊಳ್ತಿದ್ದ ಕಂಪನಿ ಮೇಸ್ತ್ರಿ ಕಳ್ಳ ನನ್ಮಗ. ಬೇರೆಯೋರ ಸೊಟ್ಟ ಹೊಲಿಗೆ ಮೇಲಿದ್ದ ನಂಬರ್ ಅಳ್ಸಿ, ತನಗಾಗದೋರ ನಂಬರ್ ಬರ್ದು ಅವರ ಕೂಲಿ ಮುರಿಯೋನು. ಅದಕ್ಕೆ ನಾವು ಬಕಲ್ ಹತ್ರ ಚರ್ಮ ಮಡಚ್ತೀವಲ್ಲ, ಆ ಮಡಿಕೆ ಒಳಗೆ ನಮ್ಮ ನಮ್ಮ ಹೆಸರು ಬರ್ದು ಆಮೇಲೆ ಹೊಲೀತಿದ್ವಿ. ಜಗಳ ಬಂದ್ರೆ ಬಿಚ್ಚಿ ತೋರ್ಸೋದು. ಹೊರಗಿನ ನಂಬರ್ ಅವರದು, ಒಳಗಿನ ಹೆಸರು ನಮ್ಮದು. ಬಿಚ್ಚಬೇಕು ಅಂದ್ರೆ ಹೊಲಿಗೆ ಕೊಯ್ಯಬೇಕು. ಕೊಯ್ದ ಮೇಲೆ ನಿನ್ನ ಸಾಮಾನು ಮೂರು ಕಾಸಿಗೂ ಬಾಳಲ್ಲ."

ಅದು ನಿಜ. ಕಂಪನಿಯ ಹೊಲಿಗೆ ಒಂದೆಳೆ ಕಿತ್ತಿದ್ದರೂ ಪ್ರದರ್ಶನದಲ್ಲಿ ಅಂಥದ್ದನ್ನು ಮೇಜಿನ ಕೆಳಗಿನ ಡಬ್ಬಿಗೆ ಎಸೆಯುತ್ತಾರೆ. ಆರ್ವಿಲ್ ಕಾಫಿ ಮುಗಿಸಿದ. ಮನೆಗೆ ಹೋಗಿ ಆರು ಪಟ್ಟಿ ತಂದ, ರಿಬ್ಬನ್ ಗೆದ್ದ ಕಪ್ಪು ಪಟ್ಟಿಯೂ ಅದರಲ್ಲಿತ್ತು. ಜೊತೆಗೆ ನೋರೀನ್ ಬಂದಳು, ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ಹಿಡಿದು.

"ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೈಲಿ ಒಂದು ಪಟ್ಟೀನೂ ಮುಟ್ಟಿಸಿಲ್ಲ ಇವನು," ಎಂದಳು ಥೆಡಾಗೆ. "ಇವತ್ತು ಕತ್ತರಿ ಕೇಳ್ದ. ಜ್ವರ ಗಿರ ಬಂದಿದ್ಯಾ ಅಂತ ಹಣೆ ಮುಟ್ಟಿ ನೋಡ್ದೆ."

ಮೊದಲು ಕೊಯ್ದದ್ದು ಒಂದು ಕಂದು ಪಟ್ಟಿ. ಮೇಣದ ದಾರ ಗಟ್ಟಿಯಾಗಿತ್ತು. ಆರ್ವಿಲ್‌ನ ಕೈಯ ಕತ್ತರಿ ಜಾರಿ ಚರ್ಮಕ್ಕೂ ಗೀರು ಬಿತ್ತು. ಮಡಿಕೆ ಬಿಚ್ಚಿಕೊಂಡಿತು. ಒಳಗೆ, ಬೆಳಕು ಕಾಣದ ಚರ್ಮದ ಮೇಲೆ, ನೇರಳೆ ಅಕ್ಷರ: ಹ್ಯಾಟಿ ಬೋಮನ್.

"ಅಯ್ಯೋ ಹ್ಯಾಟಿ!" ಥೆಡಾ ಮೇಜು ಗುದ್ದಿದಳು. "ಹೊಲಿಗೆ ನೋಡು ಇವಳ್ದು, ಹೆಂಡ ಕುಡ್ದ ಹಂದಿ ನಡ್ದಂಗೆ! ನಾನೇ ಕಲ್ಸಿದ್ದು, ಒಂದಿನಾನೂ ನೆಟ್ಟಗೆ ಹೊಲಿಲಿಲ್ಲ." ಹಾಗೆಂದವಳು ಆ ಪಟ್ಟಿಯನ್ನು ಕೆಳಗಿಡಲಿಲ್ಲ. ಹ್ಯಾಟಿ ಸತ್ತು ಇಪ್ಪತ್ತು ವರ್ಷವಾಗಿತ್ತು.

ಎರಡನೆಯದರಲ್ಲಿ ಒದ್ದೆಯಾಗಿ ಹರಡಿದ ಮಸಿ, ಏನೂ ಓದಲಾಗಲಿಲ್ಲ. ಮೂರರಲ್ಲಿ ಮತ್ತೆ ಹ್ಯಾಟಿ. ನಾಲ್ಕು ಮತ್ತು ಐದರಲ್ಲಿ ಬೇರೆ ಇಬ್ಬರು. ಕಪ್ಪು ಪಟ್ಟಿಯೊಂದೇ ಉಳಿಯಿತು. ಕೊಯ್ಯಬೇಡ, ಮನೆಯಲ್ಲಿ ಇನ್ನೂ ಬೇಕಾದಷ್ಟು ಇವೆ ಎಂದಳು ಥೆಡಾ. ಆರ್ವಿಲ್ ಕೇಳಲಿಲ್ಲ. ಅವನು ನೋಡಿದ ಪಟ್ಟಿಗಳಲ್ಲೆಲ್ಲ ಅದರ ಹೊಲಿಗೆಯೇ ನೇರ. ನೀಲಿ ರಿಬ್ಬನ್ ಸಿಕ್ಕಿದ್ದೂ ಆ ಹೊಲಿಗೆಗೆ. ಅವನು ಕೊಯ್ದ.

ಥೆಡಾ ಕ್ಲಿಂಗರ್. ಪೂರ್ತಿ ಹೆಸರು, ದುಂಡು ಅಕ್ಷರ, ಕೆಳಗೆ ಗೆರೆ.

ಮುದುಕಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಹ್ಞೂಂ, ಅಕ್ಷರ ಚೆನ್ನಾಗಿತ್ತು ನಂದು," ಎಂದಳು ಅಷ್ಟೇ.

"ಥ್ಯಾಂಕ್ಸ್, ಮಿಸೆಸ್ ಕ್ಲಿಂಗರ್," ಎಂದ ಆರ್ವಿಲ್. ನಲವತ್ತಾರು ವರ್ಷದ ಹಿಂದಿನ ಕ್ರಿಸ್‌ಮಸ್ಸಿನದು ಅದು. ಹೇಳಬೇಕಾದವರು ಈಗ ಸಿಕ್ಕಿದ್ದರು.

"ಬರೀ ಬಾಯಲ್ಲಿ ಹೇಳ್ಬೇಡ. ಉಳ್ದಿದ್ದನ್ನೂ ಕೊಯ್ಯಿ."

ಅವನು ಕೊಯ್ದ. ನಾಲ್ಕು ದಿನ ರಜೆ ಹಾಕಿ, ಮೂರು ಕತ್ತರಿ ಮೊಂಡು ಮಾಡಿದ. ಅವನ ನೂರನಲವತ್ತರಲ್ಲಿ ಆ ಕಂಪನಿಯ ಮನೆಹೊಲಿಗೆಯ ಪಟ್ಟಿಗಳು ಅರವತ್ತೆರಡು, ಉಳಿದವು ಬೇರೆ ಕಂಪನಿಗಳವು. ಆ ಅರವತ್ತೆರಡನ್ನೂ ಬಿಚ್ಚಿದ. ಸುದ್ದಿ ತಿಳಿದ ಸಂಗ್ರಹಕಾರ ಗೆಳೆಯನೊಬ್ಬ ಫೋನು ಮಾಡಿ, "ತಲೆ ಕೆಟ್ಟಿದ್ಯಾ? ಅದು ಇತಿಹಾಸ ಕಣೋ!" ಎಂದು ಬೈದ. "ಇತಿಹಾಸಾನೇ ಓದ್ತಾ ಇದೀನಿ, ಫೋನ್ ಇಡು," ಎಂದ ಆರ್ವಿಲ್. ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಬಿಚ್ಚಿದ ಪಟ್ಟಿಗಳನ್ನೆಲ್ಲ ಬಟ್ಟೆ ಬುಟ್ಟಿಯಲ್ಲಿ ಹೊತ್ತು ವೆಂಡೆಲ್ ಪ್ರೌಟಿಯ ಮೇಜಿನ ಮೇಲೆ ಸುರಿದ. ಪಕ್ಕದಲ್ಲಿ ಥೆಡಾ, ವಾಕರ್ ಊರಿ ನಿಂತಿದ್ದಳು.

"ಬರಹದಲ್ಲಿ ಬೇಕು ಅಂದ್ಯಲ್ಲ ವೆಂಡೆಲ್, ಓದು," ಎಂದಳು.

ಹೆಡ್‌ಮಾಸ್ಟರು ಓದಿದ. ಒಂದೊಂದು ಮಡಿಕೆಯನ್ನೂ ಬೆರಳಲ್ಲಿ ಅಗಲಿಸಿ, ಹೆಸರು ಹೇಳಿ, ತಾನೇ ಬರೆದುಕೊಂಡ. ಒಂಬತ್ತು ಹೆಂಗಸರು ಸಿಕ್ಕರು. ಜೂನ್ ತಿಂಗಳಲ್ಲಿ ಗೋಡೆಗೆ ಏರಿದ ಫಲಕದಲ್ಲಿ ಆ ಒಂಬತ್ತು ಹೆಸರುಗಳಿವೆ. ಥೆಡಾ ತನ್ನ ಹೆಸರಿನ ಮೇಲೆ ಹೆಬ್ಬೆರಳು ಒತ್ತಿ, ಹ್ಯಾಟಿಯದರ ಮೇಲೂ ಒತ್ತಿ, ಬಿಸಿಲು ಜಾಸ್ತಿ ಎಂದು ಬೈದುಕೊಂಡು ಮನೆಗೆ ಹೋದಳು. ಆ ಹೆಸರುಗಳ ಕೆಳಗೆ ಹಿತ್ತಾಳೆಯಲ್ಲಿ, ಬರಹದ ಪುರಾವೆ ಸಿಗದವರಿಗಾಗಿ, ಇನ್ನೂ ಹದಿನಾಲ್ಕು ಸಾಲು ಖಾಲಿ ಇವೆ. ಹಾಗೆಯೇ ಬಿಡಬೇಕೆಂದು ಹಟ ಹಿಡಿದವನು ಆರ್ವಿಲ್.

ಆ ಹದಿನಾಲ್ಕು ಜನ ಯಾರದೋ ಗಾಜಿನ ಬೀರುವಿನಲ್ಲಿ, ಹೊಳೆಯುವ ಬಕಲಿನ ಹಿಂದೆ ಮಡಚಿಕೊಂಡು ಕೂತಿದ್ದಾರೆ. ನಿಮ್ಮಲ್ಲಿ ಅಂಥ ಪಟ್ಟಿ ಇದ್ದರೆ ಬೆಲೆ ಬೀಳುತ್ತದೆಂದು ಮೀನಮೇಷ ಎಣಿಸಬೇಡಿ, ಕತ್ತರಿ ತೆಗೆದುಕೊಳ್ಳಿ. ಅಂಥದ್ದು ಇಲ್ಲದಿದ್ದರೂ ಯಾರೋ ಹೆಂಗಸು ತನ್ನ ಅಡುಗೆಮನೆಯಲ್ಲಿ ಕೂತು, ಡಜನ್ ಲೆಕ್ಕಕ್ಕೆ ಮಾಡಿದ ಸಾಮಾನು ನಿಮ್ಮ ಮನೆಯಲ್ಲಿ ಇದ್ದೇ ಇದೆ. ಅವಳ ಹೆಸರೇನು? ಗೊತ್ತಿಲ್ಲವಾದರೆ ಎದ್ದು ಹೋಗಿ ಕೇಳಿಕೊಂಡು ಬನ್ನಿ, ಬರೆದಿಡಿ.